ಉಂಡ ಮೇಲೆ ಒಂದು ತಾಸು

ಧಾರವಾಡದ ಕಡೆಯಿಂದ ಪುಣೆಗೆ ಬಂದವರಿಗೆ ಕಲಿಯದೆಯೇ ಬರುವ ಒಂದು ಮರಾಠಿ ಶಬ್ದವಿದೆ: ಚಹಾ. ಮೈಸೂರಿನ ಕಡೆಯವರಾದರೆ ಫಿಲ್ಟರ್ ಕಾಫಿಗಾಗಿ ಇಲ್ಲಿ ಓಣಿ ಓಣಿ ಹುಡುಕಬೇಕು. ನಮಗೆ ಆ ಕಷ್ಟವಿಲ್ಲ. ಅಲ್ಲಿಯೂ ಚಹಾ, ಇಲ್ಲಿಯೂ ಚಹಾ. ನಮ್ಮ ಬಸಿಗೆ ಇಲ್ಲಿಯವರು ‘ಬಶಿ’ ಅನ್ನುತ್ತಾರೆ, ಅಷ್ಟೇ. ನಮ್ಮೂರಲ್ಲಿ ಗಿರ್ಮಿಟ್ಟು, ಮಿರ್ಚಿಯ ಬೆನ್ನಿಗೆ ಬರುವ ಚಹಾ ಇಲ್ಲಿಯ ಪೇಠೆಗಳಲ್ಲಿ ಶುಂಠಿ, ಏಲಕ್ಕಿ ಹಾಕಿಸಿಕೊಂಡು ಹಿತ್ತಾಳೆ ಪಾತ್ರೆಯಲ್ಲಿ ಕುದಿಯುತ್ತದೆ. ಆ ಅಂಗಡಿಗಳಿಗೆ ‘ಅಮೃತತುಲ್ಯ’ ಎಂದೇ ಹೆಸರು. ಇಂಥ ಊರಿನಲ್ಲಿ ನಿಂತು ಚಹಾ ಮೈಗೆ ಒಳ್ಳೆಯದೋ ಕೆಟ್ಟದ್ದೋ ಎಂದು ಯಾರು ಕೇಳಬೇಕು? ಆದರೂ ನಮ್ಮ ಮನೆಯಲ್ಲಿ ಆ ಪ್ರಶ್ನೆ ಕೇಳುವ ಪ್ರಸಂಗ ಬಂತು.

2012ರಲ್ಲಿ ಅಪ್ಪ ತೀರಿಕೊಂಡ ಮೇಲೆ ಅವ್ವ ಧಾರವಾಡದ ಮನೆಗೆ ಕೀಲಿ ಹಾಕಿ ನಮ್ಮ ಜೊತೆ ಇರಲು ಬಂದಳು. ನಮ್ಮದು ಮೂರನೇ ಮಹಡಿಯ ಫ್ಲಾಟು. ನಾನೂ ನನ್ನ ಹೆಂಡತಿಯೂ ಕೆಲಸಕ್ಕೆ, ಮಗಳು ಶಾಲೆಗೆ. ದಿನವಿಡೀ ಅವ್ವನ ಜೋಡಿಗೆ ಉಳಿಯುತ್ತಿದ್ದದ್ದು ಚಹಾದ ಪಾತ್ರೆ ಒಂದೇ. ಒಬ್ಬಳಿಗಾಗಿ ರೊಟ್ಟಿ ಬಡಿಯುವುದೇನು ಎಂದು ಬೆಳಿಗ್ಗೆ ಚಪಾತಿಯನ್ನು ಚಹಾದಲ್ಲಿ ಅದ್ದಿಕೊಂಡು ತಿನ್ನುವಳು. ಮಧ್ಯಾಹ್ನ ನಾಲ್ಕು ತುತ್ತು ಉಂಡ ಶಾಸ್ತ್ರ ಮಾಡಿ ಅದರ ಮೇಲೊಂದು ಚಹಾ. ಸಂಜೆ ಮತ್ತೊಂದು. ಕೇಳಿದರೆ, “ಹಸಿವಿ ಆಗೂದಿಲ್ಲೋ, ಚಹಾ ಇದ್ರ ಸಾಕು ನನಗ” ಅನ್ನುವಳು.

ಒಂದು ವರ್ಷ ಕಳೆಯುವುದರಲ್ಲಿ ಒಂದು ಮಹಡಿ ಹತ್ತಿದರೂ ಏದುಸಿರು ಬರತೊಡಗಿತು. ಮುಖ ಬಿಳಚಿಕೊಂಡಿತು. ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 8 ಗ್ರಾಂ. ಹೆಂಗಸರಿಗೆ 12 ಆದರೂ ಇರಬೇಕು. ಬೇರೆ ಪರೀಕ್ಷೆಗಳಲ್ಲಿ ಒಳಗೆಲ್ಲೂ ರಕ್ತ ಸೋರುತ್ತಿರುವ ಲಕ್ಷಣ ಕಾಣಲಿಲ್ಲ. ಕಬ್ಬಿಣದ ಕೊರತೆ ಎಂದರು, ಗುಳಿಗೆ ಬರೆದುಕೊಟ್ಟರು. ಅವ್ವ ಒಂದು ದಿನವೂ ತಪ್ಪಿಸಲಿಲ್ಲ. ಆದರೆ ಎರಡು ತಿಂಗಳಾದರೂ ಅಂಕಿ ಮೇಲೇಳಲಿಲ್ಲ. ಇನ್ನೂ ದೊಡ್ಡ ಕಾಯಿಲೆ ಏನಾದರೂ ಇದೆಯೇನೋ ಎಂಬ ಹೆದರಿಕೆ ನಮಗೆಲ್ಲ. ಅಪ್ಪ ಹೋಗಿ ಆಗಿನ್ನೂ ಎರಡು ವರ್ಷವೂ ತುಂಬಿರಲಿಲ್ಲ.

ನಮ್ಮ ಡಾಕ್ಟರಬಾಯಿ ಸೊಲ್ಲಾಪುರದವರು, ಕನ್ನಡ ಬಲ್ಲವರು. ಅವರು ರಿಪೋರ್ಟು ಬದಿಗಿಟ್ಟು, “ಅಜ್ಜಿ, ಗುಳಿಗಿ ಯಾತರ ಜೋಡಿ ತಗೋತೀರಿ?” ಎಂದು ಕೇಳಿದರು.

“ಚಹಾದ ಜೋಡಿರೀ. ಬಿಸಿ ಇರತದಲ್ಲ, ಲಗೂ ಇಳೀತದ.”

ಡಾಕ್ಟರಬಾಯಿ ನಕ್ಕರು. “ಚಹಾ ಬಿಡ್ರಿ ಅನ್ನೂದಿಲ್ಲ. ಬಿಡ್ರಿ ಅಂದ್ರ ನೀವು ನನ್ನ ಬಿಡ್ತೀರಿ. ಊಟಕ್ಕ, ಗುಳಿಗಿಗೆ, ಚಹಾಕ್ಕ ನಡುವ ಒಂದೊಂದು ತಾಸು ಅಂತರ ಇರಲಿ. ಗುಳಿಗಿ ಲಿಂಬಿಹಣ್ಣಿನ ನೀರಾಗ ತಗೋರಿ.”

ಕಾರಣ ಸರಳ. ಚಹಾಕ್ಕೆ ಒಗರು ಕೊಡುವ ಪಾಲಿಫಿನಾಲ್‌ಗಳೆಂಬ ಅಂಶಗಳು ಹೊಟ್ಟೆಯಲ್ಲಿ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತವೆ; ಅದು ರಕ್ತಕ್ಕೆ ಸೇರದೆ ಹೊರಗೆ ಹೋಗುತ್ತದೆ. ಮಾಂಸದಲ್ಲಿರುವ ಕಬ್ಬಿಣಕ್ಕೆ ಇದರ ಬಾಧೆ ಕಡಿಮೆ. ಸೊಪ್ಪು, ಕಾಳು, ಜೋಳ ಉಣ್ಣುವ ನಮ್ಮಂಥವರ ಊಟದ ಕಬ್ಬಿಣಕ್ಕೇ ಹೆಚ್ಚು. ಲಿಂಬೆ, ನೆಲ್ಲಿಯಲ್ಲಿರುವ ‘ಸಿ’ ಜೀವಸತ್ವ ಇದಕ್ಕೆ ತದ್ವಿರುದ್ಧ, ಕಬ್ಬಿಣ ಮೈಗೆ ಹತ್ತುವಂತೆ ಮಾಡುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯೂ ಇದನ್ನೇ ಹೇಳಿದೆ: ಊಟಕ್ಕೆ ಒಂದು ಗಂಟೆ ಮೊದಲು, ಊಟವಾದ ಒಂದು ಗಂಟೆ ತನಕ ಚಹಾ, ಕಾಫಿ ಬೇಡ.

ಅವ್ವ ಹಟದವಳು, ಆದರೆ ಚಹಾ ಉಳಿಯಿತಲ್ಲ ಎಂಬ ಸಮಾಧಾನಕ್ಕೆ ಒಪ್ಪಿಕೊಂಡಳು. ಬೆಳಿಗ್ಗೆ ಎದ್ದ ಕೂಡಲೇ ಒಂದು ಕಪ್ಪು. ನಾಷ್ಟಾ ಅದಾದ ಒಂದು ತಾಸಿಗೆ. ಮಧ್ಯಾಹ್ನದ ಚಹಾ ನಾಲ್ಕು ಗಂಟೆಗೆ ಸರಿಯಿತು. ಆಗ ನಾವು ಯಾರೂ ಎಣಿಸದ ಒಂದು ಸಂಗತಿ ನಡೆಯಿತು. ನಾಲ್ಕು ಗಂಟೆಯೆಂದರೆ ನಮ್ಮ ಕಟ್ಟಡದ ಹಿರಿಯ ಹೆಂಗಸರೆಲ್ಲ ಕೆಳಗೆ ಬಂದು ಕೂಡುವ ಹೊತ್ತು. ಪಕ್ಕದ ಮನೆಯ ಆಜಿ ಒಂದು ದಿನ ಬಾಗಿಲು ಬಡಿದು “ಚಹಾ ಘ್ಯಾಯಲಾ ಯಾ” ಎಂದು ಕರೆದರು. ಆ ವಾಕ್ಯದಲ್ಲಿ ಅವ್ವನಿಗೆ ತಿಳಿದದ್ದು ‘ಚಹಾ’ ಒಂದೇ. ಅಷ್ಟು ಸಾಕಾಯಿತು. ದಿನಾ ಇಳಿದು ಹತ್ತುವುದು, ಬಿಸಿಲಿಗೆ ಕೂಡುವುದು, ಅರ್ಧ ಕನ್ನಡ ಅರ್ಧ ಮರಾಠಿಯಲ್ಲಿ ಸೊಸೆಯಂದಿರ ಸುದ್ದಿ. ಅವರಿಗೆ ಶೇಂಗಾ ಚಟ್ನಿ ಒಯ್ದು ಕೊಡಬೇಕೆಂದು ಮಧ್ಯಾಹ್ನ ಅಡಿಗೆಮನೆಗೂ ಹೋಗತೊಡಗಿದಳು. ರೊಟ್ಟಿ ಬಡಿಯುವ ಸಪ್ಪಳ ಮತ್ತೆ ಕೇಳಿಸಿತು. ಮೂರು ತಿಂಗಳಿಗೆ ಹಿಮೋಗ್ಲೋಬಿನ್ 10.8ಕ್ಕೆ ಬಂತು, ಮುಂದೆ 12 ದಾಟಿತು. ಅದರಲ್ಲಿ ಗುಳಿಗೆಯ ಪಾಲೆಷ್ಟು, ಊಟದ ಪಾಲೆಷ್ಟು, ಆ ಆಜಿಯ ಪಾಲೆಷ್ಟು ಎಂದು ಲೆಕ್ಕ ಹಾಕುವ ಗೋಜಿಗೆ ನಾನು ಹೋಗಿಲ್ಲ.

ಹಾಗಾದರೆ ಚಹಾದಿಂದ ಮೈಗೆ ಲಾಭವೇ ಇಲ್ಲವೇ? ಇದ್ದೀತು. ಬ್ರಿಟನ್ನಿನ ಸುಮಾರು 5 ಲಕ್ಷ ಜನರ ಮಾಹಿತಿ ಆಧರಿಸಿದ ಒಂದು ಅಧ್ಯಯನ 2022ರಲ್ಲಿ ಪ್ರಕಟವಾಯಿತು. ದಿನಕ್ಕೆ ಎರಡು ಕಪ್ಪು ಅಥವಾ ಹೆಚ್ಚು ಚಹಾ ಕುಡಿಯುವವರಲ್ಲಿ ಸಾವಿನ ಅಪಾಯ ಶೇ. 9ರಿಂದ 13ರಷ್ಟು ಕಡಿಮೆ ಕಂಡಿತು. ಅವರು ಕುಡಿಯುವುದು ಹೆಚ್ಚಾಗಿ ನಮ್ಮಂತೆ ಕಪ್ಪು ಚಹಾವೇ. ಆದರೆ ಇದು ಚಹಾದಿಂದಲೇ ಆಯಿತು ಎಂದು ಇಂಥ ಅಧ್ಯಯನದಿಂದ ಸಿದ್ಧವಾಗುವುದಿಲ್ಲ. ಮಗಳು ಒಮ್ಮೆ ಗ್ರೀನ್ ಟೀ ತಂದಳು. ಎರಡೂ ಒಂದೇ ಗಿಡದ ಎಲೆ, ಹದ ಮಾಡುವ ರೀತಿ ಬೇರೆ ಎಂದು ಎಷ್ಟು ಹೇಳಿದರೂ ಅವ್ವ, “ಇದೇನವಾ, ಹುಲ್ಲು ತೊಳದ ನೀರಾ?” ಎಂದು ಬದಿಗೆ ಸರಿಸಿದಳು.

ಚಹಾದ ಗುಣಗಾನಕ್ಕಿಂತ ಅದನ್ನು ಕುಡಿಯುವ ಕ್ರಮ ಮುಖ್ಯವೆಂದು ನನಗನ್ನಿಸುತ್ತದೆ. ಕಪ್ಪಿಗೆ ಎರಡು ಚಮಚ ಸಕ್ಕರೆ, ದಿನಕ್ಕೆ ಐದು ಕಪ್ಪು ಎಂದರೆ 40 ಗ್ರಾಂ ಮೀರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 25 ಗ್ರಾಂ ಒಳಗಿದ್ದರೆ ಒಳ್ಳೆಯದೆನ್ನುತ್ತದೆ. ಒಂದು ಕಪ್ಪಿನಲ್ಲಿ 30ರಿಂದ 65 ಮಿಲಿಗ್ರಾಂ ಕೆಫೀನ್ ಇರುವುದರಿಂದ ರಾತ್ರಿಯ ಚಹಾ ನಿದ್ದೆ ಕೆಡಿಸೀತು. ಇನ್ನು 65 ಡಿಗ್ರಿಗಿಂತ ಬಿಸಿಯಾದ ಪಾನೀಯ ಅನ್ನನಾಳದ ಕ್ಯಾನ್ಸರಿಗೆ ಬಹುಶಃ ಕಾರಣವಾಗಬಲ್ಲದು ಎಂದು ಅದೇ ಸಂಸ್ಥೆಯ ಕ್ಯಾನ್ಸರ್ ವಿಭಾಗ 2016ರಲ್ಲಿ ಹೇಳಿತು. ಬಸಿಗೆ ಸುರುವಿಕೊಂಡು, ಊದಿ ಊದಿ, ಸೊರ್ರೆಂದು ಕುಡಿಯುವ ನಮ್ಮ ಹಿರಿಯರನ್ನು ಕಂಡು ನಾಚಿಕೊಳ್ಳುವ ಮಕ್ಕಳಿಗೆ ಇದನ್ನು ಹೇಳಬೇಕು!

ಊರಿನಿಂದ ತಂದೆತಾಯಿಯರನ್ನು ಕರೆತಂದು ಇಟ್ಟುಕೊಂಡ ನಮ್ಮಂಥ ಹೊರನಾಡಿನವರಿಗೆ ಒಂದು ಮಾತು. ಸಂಜೆ ಮನೆಗೆ ಬಂದಾಗ “ಚಹಾ ಆತೇನು?” ಎಂದು ಎಲ್ಲರೂ ಕೇಳುತ್ತೇವೆ. ಅದರ ಜೊತೆಗೆ ಮಧ್ಯಾಹ್ನ ಏನು ಉಂಡಿರಿ, ಯಾರ ಜೋಡಿ ಕೂತು ಕುಡಿದಿರಿ ಎಂದೂ ಕೇಳೋಣ.