ಬಾಯಾರಿಕೆ ತಾಳುವ ಹೂಗಿಡಗಳು

ಮನೆಯೆಂದ ಮೇಲೆ ಅಂಗಳದಲ್ಲಿ ನಾಲ್ಕು ಹೂಗಿಡ ಇರಬೇಕು ಎಂಬುದು ಕನ್ನಡಿಗರ ಹಳೆಯ ಆಸೆ. ದೇವರ ಪೂಜೆಗೆ, ಹೆಣ್ಣುಮಕ್ಕಳ ಮುಡಿಗೆ, ಬಂದವರ ಕಣ್ಣಿಗೆ. ಆದರೆ ಶಿವರಾತ್ರಿ ಕಳೆಯುತ್ತಲೇ ಆ ಆಸೆಗೂ ಮನೆಯ ನೀರಿನ ತೊಟ್ಟಿಗೂ ಜಗಳ ಶುರುವಾಗುತ್ತದೆ. ಗುಲಾಬಿ ತಲೆ ಬಾಗಿಸುತ್ತದೆ, ಹುಲ್ಲುಹಾಸು ಕಂದುತ್ತದೆ. ಅಡುಗೆಮನೆಗೋ ಅಂಗಳಕ್ಕೋ ಎಂದು ಒಂದು ಕೊಡ ನೀರಿನ ಮುಂದೆ ನಿಂತು ಯೋಚಿಸುವ ಕಾಲ ಅದು.

2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಸರ್ಕಾರ ಘೋಷಿಸಿತು. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಬಾರದೆಂದು ಹೇಳಿ, ತಪ್ಪಿದವರಿಗೆ 5,000 ರೂಪಾಯಿ ದಂಡವೆಂದು ಸಾರಿತು. ಗಿಡಕ್ಕೆ ನೀರೆರೆಯುವುದು ಪುಣ್ಯದ ಕೆಲಸವೆಂದು ತಿಳಿದವರಿಗೆ ಅದು ದಂಡ ತೆರುವ ಕೆಲಸವಾದದ್ದು ವಿಚಿತ್ರವಾಗಿ ಕಂಡಿರಬೇಕು. ಹಾಗೆಂದು ಹೂವಿನ ಆಸೆ ಬಿಡಬೇಕಾಗಿಲ್ಲ. ಗಿಡದ ಆಯ್ಕೆಯನ್ನು ಬದಲಾಯಿಸಿಕೊಳ್ಳಬೇಕು.

ಬಯಲುಸೀಮೆಯ ರಸ್ತೆಯಲ್ಲಿ ಬಸ್ಸಿನ ಕಿಟಕಿಯಿಂದ ಇಣುಕಿದವರಿಗೆ ಆವರಿಕೆ ಗೊತ್ತು. ತಂಗಡಿ ಎಂದೂ ಕರೆಯುತ್ತಾರೆ. ಕಲ್ಲುನೆಲದಲ್ಲಿ ಯಾರೂ ನೆಡದೆ, ಯಾರೂ ನೀರುಣಿಸದೆ, ಚಿನ್ನದ ಬಣ್ಣದ ಗೊಂಚಲು ಹೊತ್ತು ನಿಂತಿರುತ್ತದೆ. ಇದರ ತೊಗಟೆಯನ್ನು ಚರ್ಮ ಹದ ಮಾಡಲು ಬಳಸುತ್ತಿದ್ದರು. ನೆರೆಯ ತೆಲಂಗಾಣ ಇದನ್ನು ರಾಜ್ಯಪುಷ್ಪ ಮಾಡಿಕೊಂಡಿದೆ. ಬತುಕಮ್ಮ ಹಬ್ಬದಲ್ಲಿ ಈ ಹೂವಿಗೆ ಮೊದಲ ಮಣೆ. ಕನ್ನಡನಾಡಿನಲ್ಲಿ ಮಾತ್ರ ಅದು ಹೆಚ್ಚಾಗಿ ಬೇಲಿಯ ಆಚೆಗೇ ಉಳಿಯಿತು. ಆವರಿಕೆ ಹೂವಿನಲ್ಲಿ ಮಕರಂದವಿಲ್ಲ. ದುಂಬಿ ಬರುವುದು ಪರಾಗಕ್ಕೆ. ಕೇಸರವನ್ನು ಅಪ್ಪಿ ಹಿಡಿದು, ರೆಕ್ಕೆಯ ಸ್ನಾಯುಗಳನ್ನು ಝುಂಯ್ ಎಂದು ನಡುಗಿಸಿ ಪರಾಗ ಉದುರಿಸಿಕೊಳ್ಳುತ್ತದೆ. ಬೆಳಿಗ್ಗೆ ಹತ್ತು ನಿಮಿಷ ಇದನ್ನು ನಿಂತು ನೋಡಿದ ಹುಡುಗಿಗೆ ಪರಾಗಸ್ಪರ್ಶದ ಪಾಠವನ್ನು ಉರು ಹೊಡೆಯುವ ಕಷ್ಟವಿಲ್ಲ.

ಕಣಗಿಲೆ ಇನ್ನೊಂದು. ಹೆದ್ದಾರಿಯ ನಡುವಿನ ಪಟ್ಟಿಯಲ್ಲಿ ಲಾರಿಗಳ ಹೊಗೆ, ಡಾಂಬರಿನ ಕಾವು ಎರಡನ್ನೂ ಸಹಿಸಿ ಅರಳುವ ಗಿಡ. ಎಲೆ ಚರ್ಮದಂತೆ ದಪ್ಪ. ಪತ್ರರಂಧ್ರಗಳು ಎಲೆಯ ಅಡಿಭಾಗದ ಪುಟ್ಟ ಕುಳಿಗಳೊಳಗೆ, ರೋಮಗಳ ನಡುವೆ ಅಡಗಿರುವುದರಿಂದ ಬಿಸಿಗಾಳಿ ಅಲ್ಲಿನ ತೇವವನ್ನು ಸುಲಭವಾಗಿ ಹೀರಲಾರದು. ಆದರೆ ಗಿಡದ ಪ್ರತಿಯೊಂದು ಭಾಗವೂ ವಿಷ. ಕಂಡದ್ದನ್ನೆಲ್ಲ ಬಾಯಿಗಿಡುವ ಮಗುವಿರುವ ಮನೆಗೆ, ದನ-ಮೇಕೆ ಓಡಾಡುವ ಅಂಗಳಕ್ಕೆ ಇದು ಬೇಡವೇ ಬೇಡ. ಕಡಿದ ಕೊಂಬೆಯನ್ನು ಒಲೆಗೂ ಹಾಕಬಾರದು.

ಕಾಗದದ ಹೂವಿನ ತವರು ದಕ್ಷಿಣ ಅಮೆರಿಕ. ಬಣ್ಣ ತುಂಬಿದ ಭಾಗ ಹೂವಲ್ಲ, ಎಲೆಯ ರೂಪಾಂತರ. ನಡುವೆ ಇಣುಕುವ ಸಣ್ಣ ಬಿಳಿ ಕೊಳವೆಗಳೇ ನಿಜವಾದ ಹೂಗಳು. ಇದರ ಸ್ವಭಾವವೂ ವಿಚಿತ್ರ. ದಿನವೂ ನೀರು, ಮೇಲೆ ಗೊಬ್ಬರ ಸುರಿದರೆ ಎಲೆ, ಮುಳ್ಳು, ಕೊಂಬೆ ಬೆಳೆಸಿ ಹೂ ಬಿಡುವುದನ್ನೇ ಮರೆಯುತ್ತದೆ. ಒಳ್ಳೆಯ ಬಿಸಿಲಿಗೆ ನಿಲ್ಲಿಸಿ ಮಣ್ಣು ಒಣಗಲು ಬಿಟ್ಟರೆ ಎಲೆಯೇ ಕಾಣದಂತೆ ಅರಳುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ನರ್ಸರಿಯಿಂದ ತಂದ ದಿನವೇ ಯಾವ ಗಿಡವೂ ಬರ ತಾಳುವುದಿಲ್ಲ. ಅಲ್ಲಿ ನೆರಳು, ದಿನವೂ ನೀರು, ಚೀಲದಷ್ಟೇ ಅಗಲದ ಬೇರು. ಅದನ್ನು ಏಪ್ರಿಲ್‌ನಲ್ಲಿ ನೆಟ್ಟು ಮರೆತವರು ಜೂನ್‌ನಲ್ಲಿ ಒಣಕಡ್ಡಿ ಕೀಳುತ್ತಾರೆ. ನೆಡಬೇಕಾದದ್ದು ಮುಂಗಾರಿನ ಮೊದಲ ಮಳೆ ಬಿದ್ದ ಮೇಲೆ. ಮಳೆ ನಿಂತ ನಂತರ ದಿನಕ್ಕೊಂದು ಚೊಂಬು ಚಿಮುಕಿಸಿದರೆ ಬೇರು ಮೇಲಿನ ಎರಡಂಗುಲದಲ್ಲೇ ಸುಖವಾಗಿ ಕೂರುತ್ತದೆ. ವಾರಕ್ಕೊಮ್ಮೆ ಆಳಕ್ಕೆ ಇಳಿಯುವಂತೆ ಉಣಿಸಿ, ಬರಬರುತ್ತ ಅಂತರವನ್ನು ಹತ್ತು ದಿನಕ್ಕೆ, ಹದಿನೈದು ದಿನಕ್ಕೆ ಹೆಚ್ಚಿಸಬೇಕು. ನೀರು ಹುಡುಕುತ್ತ ಬೇರು ಕೆಳಗಿಳಿಯುತ್ತದೆ. ಅಕ್ಕಿ, ಬೇಳೆ ತೊಳೆದ ನೀರೇ ಸಾಕು. ಬುಡದ ಸುತ್ತ, ಕಾಂಡಕ್ಕೆ ತಾಗದಂತೆ, ಮೂರಂಗುಲ ತರಗೆಲೆ ಹೊದಿಸಿದರೆ ತೇವ ಆರುವುದಿಲ್ಲ. ಚೊಂಬು ಹಿಡಿದು ದಿನವೂ ಸುತ್ತುವ ಅಕ್ಕರೆಗಿಂತ, ಒಂದು ವರ್ಷ ಕೈಹಿಡಿದು ನಡೆಸಿ ಆಮೇಲೆ ದೂರ ನಿಂತು ನೋಡುವ ಅಕ್ಕರೆ ಕಷ್ಟದ್ದು. ತಂದೆತಾಯಿಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ವಿದ್ಯಾರ್ಥಿಗಳು ಬೇಸಿಗೆ ರಜೆಯಲ್ಲಿ ಒಂದು ಪರೀಕ್ಷೆ ಮಾಡಬಹುದು. ಒಂದೇ ಬಣ್ಣದ, ಚೆನ್ನಾಗಿ ಬೇರೂರಿದ ಕಾಗದದ ಹೂವಿನ ಎರಡು ಕುಂಡಗಳು. ಒಂದೇ ಮಣ್ಣು, ಒಂದೇ ಬಿಸಿಲು. ಒಂದಕ್ಕೆ ದಿನವೂ ನೀರು. ಇನ್ನೊಂದಕ್ಕೆ ಮೇಲಿನ ಎರಡಂಗುಲ ಮಣ್ಣು ಒಣಗಿ, ಎಲೆ ಬಾಡುವ ಸೂಚನೆ ಕಂಡಾಗ ಮಾತ್ರ. ಪ್ರತಿ ಭಾನುವಾರ ಗೊಂಚಲುಗಳನ್ನು ಎಣಿಸಿ, ಸುರಿದ ನೀರನ್ನು ಅಳೆದು ನೋಟ್ ಪುಸ್ತಕದಲ್ಲಿ ಬರೆದಿಡಲಿ. ಜೂನ್‌ನಲ್ಲಿ ಶಾಲೆ ಬಾಗಿಲು ತೆರೆಯುವ ಹೊತ್ತಿಗೆ ಉಳಿದ ಕೊಡಗಳ ಲೆಕ್ಕ ಅಮ್ಮನಿಗೂ ಬೇಕಾಗುತ್ತದೆ.