ಸಕ್ಕತ್, ಮಸ್ತ್, ಬೈಯಿಂಗ್

ಮೈಸೂರು-ಬೆಂಗಳೂರು ಕಡೆಯಿಂದ ಬಂದ ನಮ್ಮ ಕೂಟದ ಸದಸ್ಯರಲ್ಲಿ "ಸಕ್ಕತ್ತಾಗಿದೆ" ಎನ್ನದವರು ಯಾರೂ ಇರಲಾರರು. ಪದ ಪಾರಸಿ ಮೂಲದ್ದು. ಅಲ್ಲಿ ಅದರ ಅರ್ಥ ಗಟ್ಟಿ, ಕಠಿಣ. ನಾನು ಮೈಸೂರಿನಿಂದ ಹುಬ್ಬಳ್ಳಿಗೆ ಎಂ.ಬಿ.ಬಿ.ಎಸ್. ಓದಲು ಹೋದಾಗ ಹಾಸ್ಟೆಲಿನಲ್ಲಿ ನನ್ನ "ಸಕ್ಕತ್" ಕೇಳಿ ನಕ್ಕರು. ಅಲ್ಲಿ ಊಟ, ಸಿನಿಮಾ, ವೈವಾದಲ್ಲಿ ಪಾಸಾದದ್ದು, ಎಲ್ಲವೂ "ಮಸ್ತ್". ಅದೂ ಪಾರಸಿಯದೇ, ಅರ್ಥ ಮಾತ್ರ ಅಮಲೇರಿದವನು! ಈಗ ಅಮೆರಿಕದ ನನ್ನ ಕ್ಲಿನಿಕ್ಕಿಗೆ ಬರುವ ಹುಡುಗರು ತಮಗೆ ಹಿಡಿಸಿದ್ದನ್ನೆಲ್ಲ "ಸಿಕ್" ಎನ್ನುತ್ತಾರೆ, ಅದೂ ಡಾಕ್ಟರ ಮುಂದೆ! ನಗುವ ಮೊದಲು ನೆನಪಿಸಿಕೊಳ್ಳಿ, ನಮ್ಮ ಮನೆಗಳಲ್ಲೂ "ಭಯಂಕರ ಚೆನ್ನಾಗಿ ಹಾಡಿದಳು" ಎಂದು ಮೆಚ್ಚಿಕೊಂಡವರಿದ್ದಾರೆ.

"ಚೆನ್ನಾಗಿದೆ" ಎಂಬುದು ಸಪ್ಪೆ ಎನಿಸಿದಾಗ ಜೋರಾದ ಪದ ಬೇಕಾಗುತ್ತದೆ. ಒಂದೇ ಡೋಸಿಗೆ ಮೈ ಒಗ್ಗಿಹೋದಂತೆ ಅದೂ ಸಪ್ಪೆಯಾಗುತ್ತದೆ. ಅಪ್ಪಂದಿರು ಬಳಸತೊಡಗಿದರೆ ಮುಗಿಯಿತು, ಹುಡುಗರು ಬೇರೆ ಪದ ಹುಡುಕುತ್ತಾರೆ. ಕೆಲವು ಮಾತ್ರ ಉಳಿದುಬಿಡುತ್ತವೆ. 1839ರಲ್ಲಿ ಬಾಸ್ಟನ್ನಿನ ಪತ್ರಿಕೆಯೊಂದು ಬೇಕೆಂದೇ ತಪ್ಪು ಕಾಗುಣಿತ ಮಾಡಿ ಅಚ್ಚು ಹಾಕಿದ ತಮಾಷೆಯೇ ಇಂದಿನ "ಓಕೆ".

ಇಂಥ ಮಾತು ಹುಟ್ಟಲು ಹಿರಿಯರಿಲ್ಲದ ಜಾಗ ಬೇಕು: ಹಾಸ್ಟೆಲು, ಬಸ್ ಸ್ಟ್ಯಾಂಡು, ಕ್ರಿಕೆಟ್ ಆಡುವ ಬೀದಿ. ಇಲ್ಲಿ ಬೆಳೆದ ನಮ್ಮ ಮಕ್ಕಳಿಗೆ ಕನ್ನಡದಲ್ಲಿ ಅಂಥ ಜಾಗವೇ ಇಲ್ಲ. ಅವರ ಕನ್ನಡವೆಂದರೆ ಹಲ್ಲುಜ್ಜು, ಊಟಕ್ಕೆ ಬಾ, ಅಜ್ಜಿ ಫೋನಿನಲ್ಲಿದ್ದಾರೆ ಮಾತಾಡು. ಗುಟ್ಟು, ಜಗಳ, ಕೀಟಲೆ ಎಲ್ಲ ಇಂಗ್ಲಿಷಿನಲ್ಲಿ. ಹದಿಮೂರರ ಹೊತ್ತಿಗೆ ಅವರು ಕನ್ನಡ ಬಿಟ್ಟರೆ ಆಶ್ಚರ್ಯವೇನು? ನನ್ನ ಮಗ ಒಂದು ಬೇಸಿಗೆ ಜಯನಗರದಲ್ಲಿ ಸೋದರತ್ತೆಯ ಮಕ್ಕಳ ಜೊತೆ ಕಳೆದು, ನಮ್ಮ ತಂದೆಯವರಿಗೆ "ಏನ್ ಮಗಾ, ಊಟ ಆಯ್ತಾ?" ಎಂದ. "ಮಗ ಅಲ್ಲಪ್ಪಾ, ನಾನು ನಿಮ್ಮಪ್ಪನಿಗೇ ಅಪ್ಪ" ಎಂದರು ಅವರು. ಮನೆಯಲ್ಲಿ ಹತ್ತು ವರ್ಷ ಹೇಳಿಕೊಟ್ಟಿದ್ದಕ್ಕಿಂತ ಹೆಚ್ಚು ಕನ್ನಡವನ್ನು ಅವನು ಆ ಆರು ವಾರದಲ್ಲಿ ಕಲಿತಿದ್ದ.

ಇದನ್ನೆಲ್ಲ ಬರೆಯಲು ಕಾರಣ, ಕಳೆದ ಸಮಿತಿ ಸಭೆಯಲ್ಲಿ ಬಂದ ಒಂದು ಸಲಹೆ. ರಾಜ್ಯೋತ್ಸವ ನಾಟಕದ ತಾಲೀಮಿನಲ್ಲಿ ಮಕ್ಕಳು "ಅಮ್ಮ ಈಸ್ ಬೈಯಿಂಗ್ ಮಿ", "ಅಂಕಲ್ ಈಸ್ ಕೊರೆಯಿಂಗ್" (ಆ ಅಂಕಲ್ ನಾನೇ ಎಂದು ಕೇಳಿಬಂತು!) ಎನ್ನುತ್ತಾರೆ, ಈ ಬೆರಕೆ ಭಾಷೆಯನ್ನು ನಿಲ್ಲಿಸಬೇಕು ಎಂದು. ನಾನು ಒಪ್ಪುವುದಿಲ್ಲ. "ಪಾರ್ಕ್ ಮಾಡಿ", "ಅಡ್ಜಸ್ಟ್ ಮಾಡಿ" ಎನ್ನುವ ನಾವು ಇಂಗ್ಲಿಷ್ ಪದಕ್ಕೆ ಕನ್ನಡದ ಬಾಲ ಅಂಟಿಸಿದ್ದೇವೆ. ಅವರು ಕನ್ನಡ ಪದಕ್ಕೆ ಇಂಗ್ಲಿಷಿನ ಬಾಲ ಅಂಟಿಸಿದ್ದಾರೆ. ಸಂಸ್ಕೃತ, ಕನ್ನಡ ಪದಗಳು ಕೂಡಿದರೆ ಅರಿಸಮಾಸವೆಂದು ವ್ಯಾಕರಣದ ಮೇಷ್ಟ್ರು ಹೇಳಿಕೊಟ್ಟಿದ್ದು ನೆನಪಿದೆಯೇ? ಅದಕ್ಕೆ ಕೊಡುತ್ತಿದ್ದ ಉದಾಹರಣೆ ಮಂಗಳಾರತಿ. ಅದೇ ಮಂಗಳಾರತಿ ಈಗ ಬೈಗುಳಕ್ಕೆ ಇನ್ನೊಂದು ಹೆಸರೂ ಆಗಿದೆ.

"ಬೈಯಿಂಗ್" ನಾವು ಕಲಿಸಿದ್ದಲ್ಲ. ಕನ್ನಡದ ಧಾತುವೊಂದನ್ನು ತೆಗೆದುಕೊಂಡು ಮಕ್ಕಳು ತಮ್ಮತಮ್ಮೊಳಗೆ, ನಮ್ಮನ್ನೇ ಆಡಿಕೊಳ್ಳಲು ಕಟ್ಟಿಕೊಂಡದ್ದು. ಸಮಿತಿಯವರಲ್ಲಿ ನನ್ನ ಕೋರಿಕೆ ಇಷ್ಟೆ. ಈ ನವೆಂಬರಿನಲ್ಲಿ ಹತ್ತು ನಿಮಿಷದ ಒಂದು ಪ್ರಹಸನವನ್ನು ಮಕ್ಕಳೇ ಬರೆಯಲಿ, ತಾಲೀಮಿಗೆ ದೊಡ್ಡವರು ಯಾರೂ ಹೋಗುವುದು ಬೇಡ. ಬಾಗಿಲಾಚೆ ತಿಂಡಿ-ಕಾಫಿ ನೋಡಿಕೊಳ್ಳಲು ನಾನು ತಯಾರು.