ಒಂದೇ ಗಿಡದ ಅಕ್ಕತಂಗಿಯರು

ಒಗ್ಗರಣೆಗೆಂದು ಬೆಳೆಸಿದ ಕರಿಬೇವಿನಲ್ಲಿ ಒಂದು ಪಾಲು ಹುಳುಗಳಿಗೇ ಸಲ್ಲುತ್ತದೆಂಬುದು ಹಿತ್ತಲಿದ್ದವರಿಗೆಲ್ಲ ಗೊತ್ತು. ಮರಿಯಾಗಿದ್ದಾಗ ಹಕ್ಕಿಯ ಹಿಕ್ಕೆಯಂತೆ ಕಾಣುವ ಈ ಹುಳು ಬೆಳೆದಂತೆ ಹಸಿರಾಗುತ್ತದೆ. ಮುಟ್ಟಿದರೆ ತಲೆಯ ಹಿಂದಿನಿಂದ ಕೆಂಪು ಕವಲೊಂದನ್ನು ಚಾಚಿ ಘಾಟು ಹರಡುತ್ತದೆ. ಯಲಹಂಕದ ನಮ್ಮ ಮನೆಯಲ್ಲಿ ಔಷಧಿ ಹೊಡೆಸುವ ಮಾತು ಬಂದಾಗ ಎಂಟನೇ ತರಗತಿಯ ಮಗಳು ಅಡ್ಡ ನಿಂತಳು. ಐದು ಹುಳುಗಳನ್ನು ಜಾಡಿಯಲ್ಲಿಟ್ಟು ದಿನವೂ ಎಲೆ ಹಾಕಿ ಸಾಕಿದಳು.

ನಾಲ್ಕು ಕಪ್ಪು ಚಿಟ್ಟೆಗಳು ಬಿಳಿ ಪಟ್ಟಿ ಹೊತ್ತು ಹೊರಬಂದವು. ಐದನೆಯದಕ್ಕೆ ಹಿಂದಿನ ರೆಕ್ಕೆಯ ನಡುವೆ ಬಿಳಿ ಮಚ್ಚೆ, ಅಂಚಿಗೆ ಕೆಂಪು ಚುಕ್ಕೆಗಳು. “ಇದು ಬೇರೆ ಜಾತಿಯದು, ಎಲ್ಲಿಂದಲೋ ಬಂದು ಸೇರಿಕೊಂಡಿದೆ” ಎಂದರು ಪಕ್ಕದ ಮನೆಯವರು. “ಹುಳುಗಳೆಲ್ಲ ಒಂದೇ ಥರ ಇದ್ದವಲ್ಲಪ್ಪಾ?” ಎಂದಳು ಮಗಳು. ಶಾಲೆಯ ಪ್ರಾಜೆಕ್ಟ್ ಪುಸ್ತಕದಲ್ಲಿ ಒಂದು ಜಾತಿ ಎಂದು ಬರೆಯಬೇಕೋ ಎರಡೆಂದೋ ಎಂಬುದು ಅವಳ ಚಿಂತೆ.

ಇದರ ಹೆಸರು ಕಾಮನ್ ಮಾರ್ಮನ್. ಗಂಡಿನದು ಒಂದೇ ವೇಷ, ಹೆಣ್ಣಿನದು ಮೂರು. ಒಂದು ಗಂಡಿನಂತೆಯೇ ಇರುತ್ತದೆ. ಉಳಿದೆರಡು ಕಾಮನ್ ರೋಸ್ ಮತ್ತು ಕ್ರಿಮ್ಸನ್ ರೋಸ್ ಎಂಬ ಬೇರೆ ಚಿಟ್ಟೆಗಳ ನಕಲು. ಅಸಲಿ ರೋಸ್‌ಗಳು ಮರಿಹುಳುವಾಗಿದ್ದಾಗ ಈಶ್ವರಿ ಬಳ್ಳಿ ತಿಂದು ಮೈಯಲ್ಲಿ ವಿಷ ಕೂಡಿಸಿಕೊಂಡಿರುವುದರಿಂದ ಹಕ್ಕಿಗಳು ಅವುಗಳ ತಂಟೆಗೆ ಹೋಗುವುದಿಲ್ಲ. ಆ ಭಯದ ಲಾಭ ನಕಲಿಗೂ ಸಿಗುತ್ತದೆ. ಆದರೆ ಅಸಲಿಯ ಮೈ ಕೆಂಪು, ನಕಲಿಯದು ಕಪ್ಪು. ಹಕ್ಕಿ ಅಷ್ಟು ಹತ್ತಿರ ಹೋಗಿ ನೋಡಬೇಕಲ್ಲ!

ಮೊದಮೊದಲು ವಿದ್ವಾಂಸರೂ ಇವಕ್ಕೆ ಬೇರೆ ಬೇರೆ ಜಾತಿಯ ಹೆಸರಿಟ್ಟಿದ್ದರು. ಇವೆಲ್ಲ ಒಂದೇ ಜಾತಿಯ ಹೆಣ್ಣುಗಳೆಂದು ಆಲ್ಫ್ರೆಡ್ ರಸೆಲ್ ವಾಲೇಸ್ 1865ರಲ್ಲಿ ವಿವರಿಸಿದ. ಗುಟ್ಟಿನ ಮೂಲ ತಿಳಿಯಲು 2014ರವರೆಗೆ ಕಾಯಬೇಕಾಯಿತು. ನಮ್ಮ ಬಳ್ಳಾರಿ ರಸ್ತೆಯ ಜಿಕೆವಿಕೆ ಆವರಣದಲ್ಲಿರುವ ಎನ್‌ಸಿಬಿಎಸ್‌ನ ಕೃಷ್ಣಮೇಘ ಕುಂಟೆ ಮತ್ತು ಅವರ ಅಮೆರಿಕದ ಸಂಗಡಿಗರು ಈ ವೇಷವೆಲ್ಲ ‘ಡಬಲ್‌ಸೆಕ್ಸ್’ ಎಂಬ ಒಂದೇ ಜೀನಿನ ಆಟವೆಂದು ತೋರಿಸಿದರು. ಕೀಟಗಳಲ್ಲಿ ಹೆಣ್ಣು ಗಂಡಿನ ಮೈಲಕ್ಷಣ ರೂಪಿಸುವುದೂ ಅದೇ ಜೀನು. ನಕಲಿನ ರೂಪದ ಜೀನು ತಂದೆ ತಾಯಿಯರಲ್ಲಿ ಒಬ್ಬರಿಂದ ಬಂದರೂ ಸಾಕು, ಮಗಳು ವೇಷ ತೊಡುತ್ತಾಳೆ. ತಂದೆ ಮಾತ್ರ ಅದನ್ನು ಒಳಗೇ ಹೊತ್ತು ಬಿಳಿ ಪಟ್ಟಿಯಲ್ಲೇ ತಿರುಗುತ್ತಾನೆ.

ಇದಕ್ಕೆ ತಿರುವುಮುರುವಾದ ಕಥೆ ಬ್ರೆಜಿಲ್‌ನ ಮರಳುನೊಣದ್ದು. ಅದು ಕಾಲಾ ಆಜಾರ್ ಹರಡುವ ಕೀಟ. ಆದ್ದರಿಂದ ಯಾವುದು ಯಾವ ಕುಲದ್ದೆಂದು ತಿಳಿಯುವುದು ಅಲ್ಲಿ ಜೀವದ ಪ್ರಶ್ನೆ. ಕೆಲವು ಗಂಡುಗಳ ಹೊಟ್ಟೆಯ ಮೇಲೆ ಒಂದು ಜೋಡಿ ಮಾಸಲು ಚುಕ್ಕೆ, ಕೆಲವಕ್ಕೆ ಎರಡು ಜೋಡಿ. ಸೊಬ್ರಾಲ್ ಎಂಬ ಊರಿನಲ್ಲಿ ಈ ಎರಡೂ ಬಗೆಯವು ಅಕ್ಕಪಕ್ಕದಲ್ಲೇ ಇದ್ದರೂ ಕೂಡುವುದಿಲ್ಲ. ಆದರೆ ಬೇರೆ ಕಡೆ ಒಂದೇ ಥರ ಚುಕ್ಕೆಯಿರುವವುಗಳಲ್ಲೇ ಬೇರೆ ಬೇರೆ ಕುಲಗಳಿವೆ. ಹೀಗಾಗಿ ಸಂಶೋಧಕರು ಚುಕ್ಕೆ ಎಣಿಸಿ ಸುಮ್ಮನಾಗದೆ, ಗಂಡುನೊಣ ರೆಕ್ಕೆ ಬಡಿದು ಹಾಡುವ ರಾಗವನ್ನೂ ಅದು ಸೂಸುವ ಗಂಧವನ್ನೂ ಪರೀಕ್ಷಿಸುತ್ತಾರೆ.